ಮಡಿಲು ಸೀಟಲ್ಲ

ಕಾರಿನಲ್ಲಿ ಕೂಸಿಗೆ ಅಮ್ಮನ ಮಡಿಲೇ ಸುರಕ್ಷಿತ ಅಂತೀವಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾದರೆ, 10 ಕಿಲೋ ಮಗುವನ್ನು ಹಿಡಿದಿಡೋಕೆ 200 ಕಿಲೋಗೂ ಹೆಚ್ಚು ತೂಕ ತಡೆಯುವಷ್ಟು ಬಲ ಬೇಕು. ಯಾವ ತೋಳಿಗಿದೆ ಅಷ್ಟು ಶಕ್ತಿ?

ಅದಕ್ಕೇ ಮಕ್ಕಳ ಸೀಟು. ಬಣ್ಣ, ಮೆತ್ತೆ ಆಮೇಲೆ ನೋಡಿ. ಮೊದಲು ಲೇಬಲ್: ಭಾರತದ ಸುರಕ್ಷತಾ ಮಾನದಂಡ ಎಐಎಸ್ 072, ಇಲ್ಲವೇ ಯುರೋಪಿನ ಆರ್129 ಇದೆಯಾ? ಆರ್129 ಪ್ರಕಾರ ಕನಿಷ್ಠ 15 ತಿಂಗಳವರೆಗೆ ಮಗುವಿನ ಮುಖ ಕಾರಿನ ಹಿಂದಕ್ಕೇ ಇರಬೇಕು. ಕಾರಣ, ಎಳೆಮಗುವಿನ ತಲೆ ಭಾರ, ಕತ್ತು ಮೃದು. ಮುಂದಕ್ಕೆ ಕೂತಿದ್ದರೆ ಡಿಕ್ಕಿಯಲ್ಲಿ ತಲೆ ಮುಂದಕ್ಕೆ ಎಗರಿ, ಆ ಎಳೆತವೆಲ್ಲ ಕತ್ತಿನ ಮೇಲೆ. ಹಿಂದಕ್ಕೆ ಕೂತಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟೇ ಅಂಗೈಯಂತೆ ತಡೆಯುತ್ತೆ. ಕಾಲು ಮಡಚಿಕೊಂಡಿದೆ ಅಂತ ಅಜ್ಜಿ ಗೊಣಗಿದರೆ ಗೊಣಗಲಿ. ಮಕ್ಕಳಿಗೆ ಅದೇನೂ ಕಷ್ಟವಲ್ಲ.

ಆದರೆ ಹೀಗೆ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿನಲ್ಲಿ ಇಡಲೇಬೇಡಿ. ಸ್ಫೋಟದಂತೆ ಉಬ್ಬುವ ಆ ಚೀಲ ನೇರ ತಲೆಯ ಹಿಂದೆ ಬಡಿಯುತ್ತೆ.

ಕಾರಿನಲ್ಲಿ ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದ್ದರೆ ಅದನ್ನು ಕೂರಿಸೋದು ಸಲೀಸು. ಇಲ್ಲದಿದ್ದರೆ ಕಾರಿನ ಬೆಲ್ಟ್ ಬಿಗಿದು, ಬೆಲ್ಟ್ ಹಾದುಹೋಗುವ ಜಾಗದಲ್ಲಿ ಅಲ್ಲಾಡಿಸಿ: ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಮಗುವಿಗೆ ಹಾಕಿದ ಪಟ್ಟಿಯನ್ನು ಹೆಗಲ ಹತ್ತಿರ ಚಿವುಟಿ, ಮಡಿಕೆ ಸಿಕ್ಕರೆ ಇನ್ನೂ ಸಡಿಲ. ಶಾಲು, ದಪ್ಪ ಸ್ವೆಟರ್? ಪಟ್ಟಿಯ ಒಳಗೆ ಬೇಡ, ಮೇಲೆ ಹೊದಿಸಿ.

ಸೆಕೆಂಡ್ ಹ್ಯಾಂಡ್ ಸೀಟು, ಅಪಘಾತ ಕಂಡಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ಪುಕ್ಕಟೆ ಸಿಕ್ಕರೂ ಬೇಡ.

ಅಂದಹಾಗೆ, 14 ವರ್ಷದೊಳಗಿನವರನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ ₹1,000 ದಂಡ.