ಹಾಳಾದ ಕೂದಲಿಗೆ ಯಾವ ಶಾಂಪೂ?

ಶಿಕಾರಿಪುರ, ಸೊರಬದ ಅಂಗಡಿಗಳಲ್ಲಿ ತೂಗುವ ಶಾಂಪೂ ಪ್ಯಾಕೆಟ್‌ಗಳಲ್ಲಿ ಹಲವು, ಹಾಳಾದ ಕೂದಲನ್ನು ಸರಿಪಡಿಸುವ ಭರವಸೆ ಕೊಡುತ್ತವೆ. ಸಹೋದರಿಯರೇ, ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಸೀಳಿದ ತುದಿ ಯಾವ ಶಾಂಪೂವಿನಿಂದಲೂ ಮತ್ತೆ ಕೂಡುವುದಿಲ್ಲ. ಸೀಳಿದಷ್ಟನ್ನು ಕತ್ತರಿಸಿ, ಹೊಸ ಕೂದಲನ್ನು ಕಾಪಾಡಿಕೊಳ್ಳಿ. ಅದು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂ.ಮೀ. ಮಾತ್ರ.

ಶಾಂಪೂವಿನ ಕೆಲಸ ನೆತ್ತಿ ತೊಳೆಯುವುದು. ಸೌಮ್ಯವಾದದ್ದನ್ನು ಆರಿಸಿ ನೆತ್ತಿಗಷ್ಟೇ ಹಚ್ಚಿ; ತುದಿಗೆ ಕಂಡೀಷನರ್ ಸವರಿ. ಹಿತ್ತಲಿನ ದಾಸವಾಳ ಎಲೆಯ ಲೋಳೆಯೂ ಕೂದಲನ್ನು ನಯಗೊಳಿಸುತ್ತದೆ. ಒದ್ದೆ ಕೂದಲು ಬೇಗ ತುಂಡಾಗುತ್ತದೆ; ನಮ್ಮ ಮಳೆಗಾಲದಲ್ಲೂ ಒಣಗಿದ ಮೇಲೆಯೇ ಬಾಚಿ, ಸ್ಕಾರ್ಫ್ ಕಟ್ಟಿಕೊಳ್ಳಿ.

ಕೂದಲು ವಿಪರೀತ ಉದುರುತ್ತಿದ್ದರೆ ಶಾಂಪೂ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ, ರಕ್ತಹೀನತೆಯೂ ಕಾರಣವಾಗಿರಬಹುದು.

ಕೂದಲಿರುವವರು ಅದನ್ನು ಗೌರವದಿಂದ ನೋಡಿಕೊಳ್ಳಬೇಕೆಂಬ ಪ್ರವಾದಿ(ಸ)ರ ಉಪದೇಶ ಅಬೂದಾವೂದ್‌ನಲ್ಲಿದೆ. ಅದಕ್ಕೆ ದುಬಾರಿ ಬಾಟಲಿ ಬೇಕಿಲ್ಲ.