ಪರೇಲ್‌ನಿಂದ ಪರ್ತ್‌ಗೆ: ಒಂದು ಕಾಲಿನ ಲೆಕ್ಕ

ಕುರ್ಚಿ ಎಳೆದುಕೊಂಡವರೇ ಅವರು ಕೂರಲಿಲ್ಲ. ಪ್ಯಾಂಟಿನ ಮೇಲಿಂದಲೇ ಎಡಮಂಡಿಯ ಎರಡೂ ಬದಿಗೆ ಬೆರಳು ಹಾಕಿ ಒಳಗಿದ್ದ ಎರಡು ಕಬ್ಬಿಣದ ಉಂಗುರಗಳನ್ನು ಮೇಲಕ್ಕೆ ಸರಿಸಿದರು. ಆಮೇಲೆಯೇ ಕಾಲು ಮಡಚಿತು, ಅವರು ಕೂತರು. ಏಳುವಾಗ ಇದು ತಿರುಗಾ ಮುರುಗಾ. ಕಾಲನ್ನು ನೆಟ್ಟಗೆ ಚಾಚಬೇಕು, ಉಂಗುರಗಳು ತಾವಾಗಿ ಕೆಳಗೆ ಜಾರಬೇಕು, ಟಕ್ ಎನ್ನಬೇಕು. ‘ಆ ಶಬ್ದ ಎರಡು ಸಲ ಕೇಳ್ಬೇಕು ಅಕ್ಕ, ಒಳಗಡೆದ್ದು ಒಂದು, ಹೊರಗಡೆದ್ದು ಒಂದು. ಒಂದೇ ಕೇಳಿತು ಅಂದ್ರೆ ಎದ್ದು ನಿಲ್ಲೂಕಾಗ. ಬೀಳ್ತೆ’ ಎಂದರು. ಕುಂದಾಪುರ ಕಡೆಯವರು. ಮುಂಬೈಯ ಪರೇಲ್‌ಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಮಾತಿನ ಧಾಟಿ ಬಿಟ್ಟಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಬೇರೆ ಕೆಲಸಕ್ಕೆ. ಆಚಾರ್ಯ ದೊಂದೆ ಮಾರ್ಗದ ಹಾಫ್‌ಕಿನ್ ಸಂಸ್ಥೆಯ ಹಳೆಯ ಕಟ್ಟಡದ ಬಗ್ಗೆ ಬರೆಯಬೇಕೆಂಬ ಆಸೆ ಬಹಳ ದಿನದ್ದು. ಅದೇ ರಸ್ತೆಯ ಸುತ್ತಮುತ್ತ ಕೆಇಎಂ, ವಾಡಿಯಾ, ಟಾಟಾ ಆಸ್ಪತ್ರೆಗಳಿವೆ. ಪರಿಚಯದ ನರ್ಸ್ ಒಬ್ಬರು, ‘ಕಟ್ಟಡ ಎಲ್ಲಿಗೂ ಹೋಗುದಿಲ್ಲ. ಮೊದಲು ಇವರ ಹತ್ತಿರ ಮಾತಾಡಿ’ ಎಂದು ತಮ್ಮ ಗಂಡನನ್ನು ಕರೆತಂದು ಉಡುಪಿ ಹೋಟೆಲಿನಲ್ಲಿ ನನ್ನ ಎದುರು ಕೂರಿಸಿ ಡ್ಯೂಟಿಗೆ ಹೋದರು. ಆಮೇಲೆ ಕಟ್ಟಡದ ನೆನಪೇ ನನಗೆ ಬರಲಿಲ್ಲ.

ದಂಪತಿ ಆಸ್ಟ್ರೇಲಿಯಾದ ಪರ್ತ್‌ಗೆ ಹೊರಟಿದ್ದಾರೆ. ಅರ್ಜಿ ಹೆಂಡತಿಯ ಹೆಸರಿನಲ್ಲಿ, ಅಲ್ಲಿ ನರ್ಸ್‌ಗಳಿಗೆ ಬೇಡಿಕೆ. ಇಂಗ್ಲಿಷ್ ಪರೀಕ್ಷೆ, ಅನುಭವದ ಪತ್ರ, ನೋಂದಣಿ ಎಲ್ಲ ಆಗಿದೆ. ಗಂಡ ಮತ್ತು ಮಗಳು ಅವಲಂಬಿತರು. ಈ ಗಂಡ ಲೋವರ್ ಪರೇಲ್‌ನ ಒಂದು ಕಚೇರಿಯಲ್ಲಿ ಅಕೌಂಟ್ಸ್ ನೋಡುವವರು, ಮನೆಯ ಬಾಡಿಗೆ ಕಟ್ಟುವವರು, ಮಗಳಿಗೆ ಗಣಿತ ಹೇಳಿಕೊಡುವವರು. ಒಂದೂವರೆ ವರ್ಷದವರಿದ್ದಾಗ ಜ್ವರ ಬಂದು ಎಡಗಾಲಿನ ಬಲ ಹೋಯಿತು. ಪೋಲಿಯೊ. ಅಂದಿನಿಂದ ಕ್ಯಾಲಿಪರ್, ಅಂದರೆ ಕಾಲಿಗೆ ಆಧಾರವಾಗಿ ಕಟ್ಟುವ ಕಬ್ಬಿಣದ ಸರಳು, ಚರ್ಮದ ಪಟ್ಟಿ.

ವೀಸಾ ಮೆಡಿಕಲ್ ಆದದ್ದು ಮುಂಬೈಯ ಒಂದು ಕ್ಲಿನಿಕ್‌ನಲ್ಲಿ. ಎಲ್ಲರಿಗೂ ಇರುವಂತೆ ಎತ್ತರ, ತೂಕ, ಕಣ್ಣು, ಮೂತ್ರ, ರಕ್ತ, ಎದೆಯ ಎಕ್ಸ್‌ರೇ. ಆಮೇಲೆ ಡಾಕ್ಟರ ಕೋಣೆ. ಕ್ಯಾಲಿಪರ್ ಹಾಕಿ ನಡೆಸಿದರು, ಬಿಚ್ಚಿಸಿ ನಡೆಸಿದರು. ಎರಡೂ ತೊಡೆಗೆ ಟೇಪು ಸುತ್ತಿ ಅಳೆದರು. ಸ್ನಾನ ನೀವೇ ಮಾಡಿಕೊಳ್ಳುತ್ತೀರಾ, ಮೆಟ್ಟಿಲು ಹತ್ತುತ್ತೀರಾ, ಈಚೆಗೆ ನೋವು ಜಾಸ್ತಿಯೇ, ಗಾಲಿಕುರ್ಚಿ ಬೇಕಾಗಿತ್ತೇ? ಕೊನೆಯ ಪ್ರಶ್ನೆಗಳಿಗೆ ಕಾರಣವಿದೆ. ಪೋಲಿಯೊ ಬಂದು ಹಲವು ದಶಕಗಳ ನಂತರ ಕೆಲವರಲ್ಲಿ ಹೊಸದಾಗಿ ಸುಸ್ತು, ಸ್ನಾಯುಗಳ ನಿಶ್ಶಕ್ತಿ ಕಾಣಿಸಿಕೊಳ್ಳುತ್ತದೆ. ಪಾಸು–ಫೇಲು ಹೇಳುವ ಅಧಿಕಾರ ಈ ಡಾಕ್ಟರಿಗಿಲ್ಲ. ಕಂಡದ್ದನ್ನು ಬರೆದು ಕಂಪ್ಯೂಟರಿಗೆ ಏರಿಸುವುದಷ್ಟೇ ಅವರ ಕೆಲಸ. ತೀರ್ಮಾನ ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಾಧಿಕಾರಿಯದು, ಅವರು ಇವರ ಮುಖ ನೋಡುವುದೇ ಇಲ್ಲ.

ಅಲ್ಲಿನ ಲೆಕ್ಕ ಹೀಗಿದೆ. ಈ ವ್ಯಕ್ತಿಯ ಆರೋಗ್ಯ ಮತ್ತು ಸಾಮಾಜಿಕ ಸೇವೆಗಳಿಗೆ ಸರ್ಕಾರಕ್ಕೆ ತಗಲಬಹುದಾದ ಖರ್ಚು ಒಂದು ಮಿತಿ ದಾಟಿದರೆ ವೀಸಾ ಇಲ್ಲ. 2021ರಲ್ಲಿ ಮಿತಿ 51,000 ಆಸ್ಟ್ರೇಲಿಯನ್ ಡಾಲರ್ ಇತ್ತು, 2024ರ ಜುಲೈಯಿಂದ 86,000. ಸಾಮಾನ್ಯವಾಗಿ ಐದು ವರ್ಷದ ಖರ್ಚು ನೋಡುತ್ತಾರೆ. ಶಾಶ್ವತವಾಗಿ ಉಳಿಯುವ ತೊಂದರೆಯಾದರೆ ಹತ್ತು ವರ್ಷದವರೆಗೂ ಕೂಡಿಸಬಹುದು. ಕುಟುಂಬದಲ್ಲಿ ಒಬ್ಬರು ಫೇಲಾದರೆ ಎಲ್ಲರೂ ಫೇಲು. ಅಂದರೆ ಆಸ್ಟ್ರೇಲಿಯಾಕ್ಕೆ ಬೇಕಾದ ನರ್ಸ್ ಅಲ್ಲಿಗೆ ಹೋಗುವುದೋ ಬಿಡುವುದೋ ಅವರ ಗಂಡನ ಎಡಗಾಲಿನ ಮೇಲೆ ನಿಂತಿದೆ. ‘ಇವಳ ಕನಸಿಗೆ ನಾನು ಅಡ್ಡಗಾಲು ಹಾಕಿದ ಹಾಗೆ ಆಯ್ತಲ್ದಾ’ ಎಂದರು ಅವರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಇಪ್ಪತ್ತು ವರ್ಷ ದುಡಿದು, ತೆರಿಗೆ ಕಟ್ಟಿ, ಯಾರ ಮುಂದೆಯೂ ಕೈ ಚಾಚದೆ ಬದುಕಿದವರು ತಮ್ಮನ್ನು ಹೊರೆ ಎಂದು ಭಾವಿಸುವಂತೆ ಮಾಡುವ ನಿಯಮ ಕಾಗದದ ಮೇಲೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರಲ್ಲಿ ಏನೋ ಕೆಟ್ಟಿದೆ.

ನಿಯಮಗಳನ್ನು ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಡಾಲರಿನ ಮಿತಿಯಲ್ಲ, ‘ಕಲ್ಪಿತ ವ್ಯಕ್ತಿ’ ಎಂಬ ಒಂದು ಸೃಷ್ಟಿ. ವೈದ್ಯಾಧಿಕಾರಿ ಲೆಕ್ಕ ಹಾಕುವುದು ನನ್ನ ಎದುರು ಕೂತು ಚಹಾ ಕುಡಿಯುತ್ತಿದ್ದವರ ಖರ್ಚನ್ನಲ್ಲ. ಇವರಿಗಿರುವ ತೊಂದರೆಯೇ, ಇವರಿಗಿರುವಷ್ಟೇ ಇರುವ ಒಬ್ಬ ಊಹೆಯ ಮನುಷ್ಯನ ಖರ್ಚನ್ನು. ಆ ಮನುಷ್ಯನಿಗೆ ಯಾವ ಯಾವ ಸೇವೆಗೆ ಅರ್ಹತೆ ಬರುತ್ತದೋ ಅದೆಲ್ಲವನ್ನೂ ಕೂಡಿಸಬೇಕು. ಇವರು ಅದನ್ನು ನಿಜಕ್ಕೂ ಬಳಸುತ್ತಾರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ‘ಕ್ಯಾಲಿಪರ್‌ನ ದುಡ್ಡು ನಾನೇ ಕೊಟ್ಕೊಳ್ತೆ’ ಎಂದು ಬರೆದುಕೊಟ್ಟರೂ ಅದೇ. ಆ ಕಲ್ಪಿತ ಮನುಷ್ಯನಿಗೆ ಇವರ ಕಾಲಿದೆ, ಆದರೆ ಇವರ ಕೆಲಸವಿಲ್ಲ, ನರ್ಸ್ ಹೆಂಡತಿ ಇಲ್ಲ, ನಲವತ್ತು ವರ್ಷ ಕಬ್ಬಿಣ ಕಟ್ಟಿಕೊಂಡು ನಡೆದ ಅಭ್ಯಾಸವಿಲ್ಲ.

ಮೊದಲು ಇದಕ್ಕಿಂತ ಕಷ್ಟವಿತ್ತು. ಕಾಯಿಲೆಯ ಹೆಸರು ಒಂದೇ ಆದರೆ ಸೌಮ್ಯವೋ ತೀವ್ರವೋ ನೋಡದೆ ಒಂದೇ ತಕ್ಕಡಿಗೆ ಹಾಕುತ್ತಿದ್ದರು. 2005ರಲ್ಲಿ ರಾಬಿನ್ಸನ್ ಪ್ರಕರಣದಲ್ಲಿ ಅಲ್ಲಿನ ಫೆಡರಲ್ ಕೋರ್ಟು, ಕಲ್ಪಿತ ವ್ಯಕ್ತಿಗೂ ಅರ್ಜಿದಾರನಿಗೆ ಇರುವ ರೂಪದಲ್ಲೇ, ಇರುವ ಮಟ್ಟದಲ್ಲೇ ತೊಂದರೆ ಇರಬೇಕು ಎಂದಿತು. ಅಷ್ಟರ ಮಟ್ಟಿಗೆ ಆ ಊಹೆಯ ಮನುಷ್ಯನಿಗೆ ಸ್ವಲ್ಪ ಮೈಕಟ್ಟು ಬಂತು. ಅದೇ ವರ್ಷ ಕೆನಡಾದ ಸುಪ್ರೀಂ ಕೋರ್ಟು ಹಿಲೆವಿಟ್ಜ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಕಾಯಿಲೆಯನ್ನಲ್ಲ, ವ್ಯಕ್ತಿಯನ್ನು ನೋಡಿ. ಆ ಕುಟುಂಬ ತನ್ನ ಖರ್ಚು ತಾನೇ ಭರಿಸಬಲ್ಲದೇ, ಸರ್ಕಾರದ ಸೇವೆ ನಿಜಕ್ಕೂ ಬೇಕಾಗುತ್ತದೆಯೇ ಎಂದು ವಿಚಾರಿಸಿ ಎಂದಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ರೊಸಾಲಿ ಅಬೆಲ್ಲಾ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ ಮಗುವಾಗಿ ಕೆನಡಾಕ್ಕೆ ವಲಸೆ ಬಂದವರು. 2018ರಲ್ಲಿ ಕೆನಡಾ ತನ್ನ ಖರ್ಚಿನ ಮಿತಿಯನ್ನು ಮೂರು ಪಟ್ಟು ಏರಿಸಿತು, ವಿಶೇಷ ಶಿಕ್ಷಣದಂಥ ಖರ್ಚುಗಳನ್ನು ಲೆಕ್ಕದಿಂದ ತೆಗೆಯಿತು. ನನ್ನ ಮಟ್ಟಿಗೆ ಕೆನಡಾದ ದಾರಿಯೇ ಸರಿ. ಬ್ರಿಟನ್ನಿನಲ್ಲಿ ಇಂಥ ಲೆಕ್ಕವೇ ಇಲ್ಲ. ಭಾರತದಿಂದ ಆರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಹೋಗುವವರಿಗೆ ಕ್ಷಯ ಇಲ್ಲವೆಂಬ ಸರ್ಟಿಫಿಕೇಟು ಬೇಕು, ಜೊತೆಗೆ ಆರೋಗ್ಯ ಶುಲ್ಕ. 2024ರಿಂದ ವಯಸ್ಕರಿಗೆ ಅದು ವರ್ಷಕ್ಕೆ 1,035 ಪೌಂಡು. ದುಬಾರಿ ಹೌದು, ಆದರೆ ಕಾಲು ಗಟ್ಟಿಯಿದ್ದವರಿಗೂ ಕಾಲಿಗೆ ಬಲವಿಲ್ಲದವರಿಗೂ ಒಂದೇ ದರ.

ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲೂ ಆಸ್ಟ್ರೇಲಿಯಾ 2008ರಲ್ಲೂ ಸೇರಿಕೊಂಡವು. ಅದರ 18ನೇ ವಿಧಿ ಓಡಾಟದ ಸ್ವಾತಂತ್ರ್ಯದ ಬಗ್ಗೆ, ವಲಸೆಯ ಬಗ್ಗೆ ಮಾತಾಡುತ್ತದೆ. ಆಸ್ಟ್ರೇಲಿಯಾ ಅದನ್ನು ಅನುಮೋದಿಸುವಾಗಲೇ, ಇದರಿಂದ ನಮ್ಮ ವೀಸಾ ಆರೋಗ್ಯ ನಿಯಮಕ್ಕೆ ಬಾಧೆಯಿಲ್ಲ ಎಂಬ ಟಿಪ್ಪಣಿ ಸೇರಿಸಿತು. ಅಲ್ಲಿನ 1992ರ ಅಂಗವೈಕಲ್ಯ ತಾರತಮ್ಯ ನಿಷೇಧ ಕಾಯ್ದೆಯಿಂದಲೂ ವಲಸೆ ಕಾಯ್ದೆಗೆ ವಿನಾಯಿತಿ ಇದೆ. ತನ್ನ ದೇಶದೊಳಗಿನ ಅಂಗವಿಕಲರಿಗೆ ಇಷ್ಟೆಲ್ಲ ಮಾಡಿರುವ ದೇಶ ಬಾಗಿಲ ಬಳಿ ಮಾತ್ರ ಬೇರೆ ಪುಸ್ತಕ ತೆಗೆಯುವುದು ನನಗೆ ಒಪ್ಪಿಗೆಯಾಗಲಿಲ್ಲ.

ಬಾಗಿಲ ಬಳಿ ದೇಹ ಅಳೆಯುವುದು ಹೊಸದೇನಲ್ಲ. ಅಮೆರಿಕದ 1882ರ ಕಾಯ್ದೆಯೇ ತನ್ನನ್ನು ತಾನು ನೋಡಿಕೊಳ್ಳಲಾಗದೆ ಸರ್ಕಾರಕ್ಕೆ ಹೊರೆಯಾಗುವವರು ಬೇಡ ಎಂದಿತ್ತು. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದವರು ಮೆಟ್ಟಿಲು ಹತ್ತುವಾಗ ಡಾಕ್ಟರುಗಳು ನಿಂತು ನೋಡುತ್ತಿದ್ದರು. ಯಾರಿಗೆ ಏದುಸಿರು, ಯಾರು ಕುಂಟುತ್ತಾರೆ? ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬೀಳುತ್ತಿತ್ತು. ಕುಂಟುವವರಿಗೆ ‘ಎಲ್’, ಹೃದಯಕ್ಕೆ ‘ಎಚ್’, ಬೆನ್ನಿಗೆ ‘ಬಿ’. ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ಪಾರಾದವರೂ ಉಂಟು. ಆ ದ್ವೀಪದ ಕೇಂದ್ರ ಶುರುವಾಗುವುದಕ್ಕೂ ಮೊದಲು, 1889ರಲ್ಲಿ, ಹುಟ್ಟಿನಿಂದ ಬೆನ್ನು ಗೂನಾಗಿದ್ದ, ನಾಲ್ಕಡಿಯ ಆಸುಪಾಸಿನ ಎತ್ತರದ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಎಂಬ ಯುವಕ ನ್ಯೂಯಾರ್ಕಿಗೆ ಬಂದಿಳಿದ. ಅಧಿಕಾರಿಗಳು ವಾಪಸು ಕಳಿಸುವವರೇ ಇದ್ದರು, ಜೊತೆಗಿದ್ದ ಗೆಳೆಯ ಜವಾಬ್ದಾರಿ ಹೊತ್ತು ಬಿಡಿಸಿದ. ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಸಿ ವಿದ್ಯುತ್ತಿನ ಲೆಕ್ಕಾಚಾರಕ್ಕೆ ಗಣಿತದ ಬುನಾದಿ ಹಾಕಿದವರಲ್ಲಿ ಆತ ಪ್ರಮುಖ. ಎಂಜಿನಿಯರಿಂಗ್ ಓದಿದವರಿಗೆ ಹೆಸರು ಗೊತ್ತಿರುತ್ತದೆ, ಬಂದರಿನ ಕಥೆ ಬಹಳ ಮಂದಿಗೆ ಗೊತ್ತಿಲ್ಲ.

ಇನ್ನು, ನಾನು ಬರೆಯಲು ಹೊರಟಿದ್ದ ಕಟ್ಟಡಕ್ಕೆ ಹೆಸರು ಕೊಟ್ಟ ಹಾಫ್‌ಕಿನ್. ಅವರೂ ಊರು ಬಿಟ್ಟು ಬಂದವರೇ. ಯಹೂದಿಯಾದ್ದರಿಂದ ರಷ್ಯಾದಲ್ಲಿ ಮುಂದೆ ಬರಲು ದಾರಿ ಸಿಗದೆ ಪ್ಯಾರಿಸ್ಸಿಗೆ, ಅಲ್ಲಿಂದ 1893ರಲ್ಲಿ ಭಾರತಕ್ಕೆ ಬಂದ ವಿಜ್ಞಾನಿ. 1897ರ ಜನವರಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡವರು. 1899ರಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆ ಅವರ ಪ್ರಯೋಗಾಲಯವಾಯಿತು, 1925ರಲ್ಲಿ ಅದಕ್ಕೆ ಅವರ ಹೆಸರು ಬಂತು. ಆ ಸಂಸ್ಥೆಯಿಂದ ಕವಲೊಡೆದ ಹಾಫ್‌ಕಿನ್ ಬಯೋಫಾರ್ಮಾ ದೇಶದ ಮಕ್ಕಳ ಬಾಯಿಗೆ ಬಿದ್ದ ಪೋಲಿಯೊ ಹನಿಯ ದೊಡ್ಡ ಪಾಲನ್ನು ಒದಗಿಸಿದ ಸರ್ಕಾರಿ ಕಂಪನಿ. ನಮ್ಮ ಕುಂದಾಪುರದವರು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅದರ ಗೋಡೆ ಸಿಗುತ್ತದೆ. ಪಲ್ಸ್ ಪೋಲಿಯೊ ದೇಶದಾದ್ಯಂತ ಶುರುವಾದದ್ದು 1995ರಲ್ಲಿ. ಅಷ್ಟರಲ್ಲಿ ಅವರು ಕ್ಯಾಲಿಪರ್ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದರು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತ ಎಂದು ಸಾರಲಾಯಿತು. ‘ಮಗಳಿಗೆ ಹನಿ ಹಾಕಿಸ್ಕೊಂಡು ಬಂದ ದಿನ ನಾನು ಸುಮ್ನೆ ಅತ್ತೆ’ ಎಂದರು. ಮುಂದೆ ಏನೂ ಹೇಳಲಿಲ್ಲ.

ಮುಂಬೈ ಅವರಿಗೆ ಸಲೀಸಾದ ಊರೇನಲ್ಲ. ಪರೇಲ್ ಸ್ಟೇಷನ್ನಿನ ಸೇತುವೆ ಎಂದರೆ 2017ರ ಸೆಪ್ಟೆಂಬರಿನ ಕಾಲ್ತುಳಿತ ಎಲ್ಲರಿಗೂ ನೆನಪಾಗುತ್ತದೆ, ಸತ್ತವರು 23 ಮಂದಿ. ಎರಡು ಕಾಲೂ ಗಟ್ಟಿಯಿದ್ದವರಿಗೇ ಆ ಗತಿಯಾದ ಮೆಟ್ಟಿಲನ್ನು ಇವರು ಬಲಗೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ತಂದು, ಹಿಂದಿನವರ ಬೈಗುಳ ಕೇಳುತ್ತಾ ಹತ್ತಿದ್ದಾರೆ. ಮಳೆಗಾಲದಲ್ಲಿ ಹಿಂದ್‌ಮಾತಾ ಜಂಕ್ಷನ್ನಿನಲ್ಲಿ ನೀರು ನಿಂತರೆ ಕ್ಯಾಲಿಪರ್‌ನ ಚರ್ಮದ ಪಟ್ಟಿ ಊದಿಕೊಳ್ಳುತ್ತದೆ. ಬೂಟಿನ ಹಿಮ್ಮಡಿಯಲ್ಲಿ ಸರಳು ಸಿಕ್ಕಿಸುವ ತೂತಿಗೆ ತುಕ್ಕು ಹಿಡಿಯುತ್ತದೆ. ರಾತ್ರಿ ಫ್ಯಾನಿನ ಕೆಳಗೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಬೆಳಿಗ್ಗೆ ಮತ್ತೆ ಕಟ್ಟಬೇಕು. ಪಟ್ಟಿ ಹರಿದರೆ ಪಕ್ಕದ ಚಪ್ಪಲಿ ಹೊಲಿಯುವವರೇ ಅದಕ್ಕೆ ಎಂಜಿನಿಯರ್. ‘ಪರ್ತ್‌ನಲ್ಲಿ ಬಸ್ಸೇ ಬಗ್ತದಂತೆ, ಫುಟ್‌ಪಾತಿಗೆ ಸಮ ಆಗುವ ಹಾಗೆ’ ಎಂದರು. ಆಗ ಅವರ ಮುಖದಲ್ಲಿ ಕಂಡ ಹಂಬಲಕ್ಕೆ ನಾನು ಯಾವ ಡಾಲರಿನ ಲೆಕ್ಕವನ್ನೂ ಎದುರಿಡಲಾರೆ. ಅಂಗವಿಕಲನಿಗೆ ನಡೆಯಲು ಅನುಕೂಲವಾದ ರಸ್ತೆಯಿರುವ ದೇಶವೇ ಅವನನ್ನು ಒಳಗೆ ಬಿಡಲು ಹೆಚ್ಚು ಹಿಂಜರಿಯುತ್ತದೆ. ಇದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ: ಪರೇಲ್‌ನಲ್ಲೇ ಅಂಥ ಬಸ್ಸು, ಅಂಥ ಫುಟ್‌ಪಾತು ಇದ್ದಿದ್ದರೆ ಅವರ ಹಂಬಲಕ್ಕೆ ಸಮುದ್ರ ದಾಟುವ ಅಗತ್ಯ ಇಷ್ಟೊಂದು ಇರುತ್ತಿರಲಿಲ್ಲ.

ಮನೆಯಲ್ಲಿ ಅಂಗವಿಕಲರಿದ್ದು ವಲಸೆಗೆ ಹೊರಟಿರುವ ಓದುಗರಿಗೆ ಇವರ ಅನುಭವದಿಂದ ಒಂದೆರಡು ಮಾತು ಹೇಳಬೇಕು. ಏಜೆಂಟರಿಗೆ ಮುಂಗಡ ಕೊಡುವ ಮೊದಲು, ನಿಮ್ಮ ವೀಸಾ ದರ್ಜೆಯಲ್ಲಿ ಆರೋಗ್ಯ ನಿಯಮಕ್ಕೆ ರಿಯಾಯಿತಿ ಕೇಳುವ ಅವಕಾಶ ಇದೆಯೇ ಎಂದು ಕೇಳಿ. ಆಸ್ಟ್ರೇಲಿಯಾದಲ್ಲಿ ಕೆಲವು ದರ್ಜೆಗಳಿಗೆ ಇದೆ, ಕೆಲವಕ್ಕೆ ಇಲ್ಲವೇ ಇಲ್ಲ, ಮತ್ತು ಅರ್ಜಿ ತಿರಸ್ಕೃತವಾದರೆ ಕಟ್ಟಿದ ಶುಲ್ಕ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ. ಅಂಗವಿಕಲ ಮಗುವನ್ನೋ ಗಂಡನನ್ನೋ ಊರಲ್ಲಿ ಬಿಟ್ಟು ಹೋಗುತ್ತೇವೆ ಎಂದರೂ ಅವರ ತಪಾಸಣೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಅಂಗವಿಕಲರಿಗೆ ನಮ್ಮಲ್ಲಿ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಬರೆದಿರುವ ಶೇಕಡಾ ಲೆಕ್ಕ ಒಂದೇ ಸಾಲದು. ನೀವು ಏನೇನು ಸ್ವಂತವಾಗಿ ಮಾಡಿಕೊಳ್ಳುತ್ತೀರಿ, ಎಷ್ಟು ವರ್ಷದಿಂದ ಸ್ಥಿತಿ ಹೀಗೇ ಇದೆ, ಎಲ್ಲಿ ದುಡಿಯುತ್ತಿದ್ದೀರಿ ಎಂಬುದನ್ನು ಮೂಳೆ ತಜ್ಞರಿಂದ ವಿವರವಾಗಿ ಬರೆಸಿಕೊಂಡು ಜೊತೆಗಿಡಿ. ಫಾರಂನಲ್ಲಿ ಏನನ್ನೂ ಮುಚ್ಚಿಡಬೇಡಿ. ಅಂಗವೈಕಲ್ಯ ಇದ್ದವರಿಗೆ ವೀಸಾ ಸಿಕ್ಕಿದ್ದುಂಟು, ಸುಳ್ಳು ಬರೆದು ಸಿಕ್ಕಿಬಿದ್ದವರಿಗೆ ಮೂರು ವರ್ಷ ಬಾಗಿಲು ಮುಚ್ಚುತ್ತದೆ.