ಅಂಜದೀವದಲ್ಲಿ ಸಿಕ್ಕಿಬಿದ್ದವ

ಕಾರವಾರದ ಬಿಣಗಾ ಕಡೆಯಿಂದ ಕಾಣುವ ಅಂಜದೀವ ನಡುಗಡ್ಡೆ ಲೆಕ್ಕಕ್ಕೆ ಗೋವೆಯದು, ಇರುವುದು ನೌಕಾಪಡೆಯ ವಶದಲ್ಲಿ. ನಮ್ಮಂಥವರು ಹೋಗಿ ನೋಡುವ ಆಸೆ ಬಿಡಬೇಕಾದ್ದೇ. ವಾಸ್ಕೋ ಡ ಗಾಮ ಎಂದೊಡನೆ ಕಲ್ಲಿಕೋಟೆ ಎಂದು ಬಾಯಿಪಾಠ ಮಾಡಿಸುವ ನಮ್ಮ ಶಾಲೆಗಳೂ ಇತ್ತ ತಲೆ ಹಾಕಿದ್ದಿಲ್ಲ.

1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ ಗಾಮ, ಅಲ್ಲಿನ ದೊರೆ ಸಾಮೂದಿರಿಯ ಕಾಣಿಕೆಗೆಂದು ತೆಗೆದಿಟ್ಟದ್ದು ಟೋಪಿ, ಬೋಗುಣಿ, ಸಕ್ಕರೆ, ಜೇನು. ಅಲ್ಲಿಯ ಅಧಿಕಾರಿಗಳು ನಕ್ಕುಬಿಟ್ಟರು. ವ್ಯಾಪಾರ ಕುದುರದೆ ಆಗಸ್ಟ್ ಕೊನೆಗೆ ಹೊರಟವನು ಸೆಪ್ಟೆಂಬರಿನಲ್ಲಿ ಅಂಜದೀವಕ್ಕೆ ಬಂದ. ಹಡಗು ದಡಕ್ಕೆಳೆದು ತಳ ಕೆರೆಯುವ ಕೆಲಸವಿತ್ತು; ಕುಡಿಯಲು ಕಲ್ಲು ಕಟ್ಟಿದ ಕೊಳದಲ್ಲಿ ಸಿಹಿನೀರಿತ್ತು.

ಒಂದು ದಿನ ನಲವತ್ತರ ಆಸುಪಾಸಿನವನೊಬ್ಬ ಅಲ್ಲಿಗೆ ಬಂದ. ಬಿಳಿ ನಾರುಮಡಿ, ತಲೆಗೆ ನಯವಾದ ರುಮಾಲು, ಸೊಂಟದಲ್ಲಿ ಕತ್ತಿ. ಗಾಮನನ್ನು ತಬ್ಬಿಕೊಂಡು, ವೆನಿಸ್ಸಿನ ಮಾತಿನಲ್ಲಿ ಕಥೆ ಬಿಚ್ಚಿದ: ತಾನು ಪಡುವಣ ದೇಶದ ಕ್ರೈಸ್ತ, ಚಿಕ್ಕಂದಿನಲ್ಲೇ ಇತ್ತ ಬಂದೆ, 40,000 ಕುದುರೆ ಸವಾರರಿರುವ ಮುಸ್ಲಿಂ ದೊರೆಯ ಚಾಕರಿ. ಮಾತು ಅತಿಯಾಯಿತೇನೋ. ಗಾಮನ ಅಣ್ಣ ಪಾವ್ಲೊ ಸುಮ್ಮನೆ ಸ್ಥಳೀಯರನ್ನು ವಿಚಾರಿಸಿದ. (ಅವರನ್ನೂ ಕ್ರೈಸ್ತರೆಂದೇ ಬರೆದುಕೊಂಡ ಪೋರ್ಚುಗೀಸರ ಭ್ರಮೆ ಬೇರೆಯೇ ಕಥೆ.) ಇವನು ಮೇಲೆ ಬೀಳಲು ಬಂದವ, ಇವನ ದೋಣಿಗಳು ಅಡಗಿ ಕೂತಿವೆ ಎಂಬ ಸುಳಿವು ಸಿಕ್ಕಿತು. ಹಿಡಿದು ಚಾಟಿಯಲ್ಲಿ ಬಾರಿಸಿದರು. ಹಡಗುಗಳ ಬಲಾಬಲ ತಿಳಿಯಲು ಬಂದೆನೆಂದು ಕೊನೆಗೆ ಒಪ್ಪಿಕೊಂಡ. ಹೊಡೆತಕ್ಕೆ ಏನನ್ನು ತಾನೆ ಒಪ್ಪುವುದಿಲ್ಲ?

ಅವನನ್ನೂ ಹೇರಿಕೊಂಡು ಅಕ್ಟೋಬರ್ 5ಕ್ಕೆ ಹೊರಟರು. ಬರುವಾಗ ಆಫ್ರಿಕದ ಮೂಡುಗರೆಯ ಮಾಲಿಂದಿಯ ಮಾರ್ಗದರ್ಶಿ 23 ದಿನಗಳಲ್ಲಿ ದಾಟಿಸಿದ್ದ ಕಡಲು ಈಗ ಸುಮಾರು ಮೂರು ತಿಂಗಳು ತಿಂದಿತು. ಗಾಳಿ ತಿರುಗುವ ಮೊದಲೇ ಹೊರಟಿದ್ದರು. ಒಸಡು ಊದಿ 30 ಮಂದಿ ಸತ್ತರು. ನಡೆಸಲು ಜನ ಸಾಲದೆ ಸಾವೊ ರಫಾಯೆಲ್ ಹಡಗನ್ನೇ ಸುಟ್ಟರು.

ಸೆರೆಯಾಳು ಯೆಹೂದಿ. ಪೋಲೆಂಡಿನವನೆಂದು ಕೆಲವರು, ಅಲೆಕ್ಸಾಂಡ್ರಿಯದವನೆಂದು ಕೆಲವರು. ಪೋರ್ಚುಗಲ್ಲಿನ ದೊರೆ ಮನುವೆಲ್ ತನ್ನ ರಾಜ್ಯದ ಯೆಹೂದಿಗಳನ್ನು 1497ರಲ್ಲಿ ಬಲವಂತವಾಗಿ ಮತಾಂತರಿಸಿದ್ದ. ಗಾಮ ಲಿಸ್ಬನ್ ಬಿಟ್ಟದ್ದೂ ಅದೇ ವರ್ಷ. ಇವನಿಗೂ ದೀಕ್ಷಾಸ್ನಾನವಾಯಿತು, ಚಾಟಿ ಬೀಸಿದವರ ಮನೆತನದ ಹೆಸರೇ ಅಂಟಿತು: ಗಾಸ್ಪರ್ ಡ ಗಾಮ. ಹುಟ್ಟುಹೆಸರನ್ನು ಯಾರೂ ಬರೆದಿಡಲಿಲ್ಲವಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ.

ಬೇಹುಗಾರನೆಂದು ಹಿಡಿದವನೇ ಆಮೇಲೆ ಅವರ ದುಭಾಷಿ. 1500ರಲ್ಲಿ ಪೋರ್ಚುಗೀಸ್ ನೌಕಾನಾಯಕ ಕಬ್ರಾಲನೊಡನೆ ಬ್ರೆಜಿಲ್ ಕಂಡು ಕಲ್ಲಿಕೋಟೆಗೆ ಬಂದ. ಮರಳುವಾಗ, 1501ರಲ್ಲಿ, ಆಫ್ರಿಕದ ಪಡುಗರೆಯಲ್ಲಿ ಅಮೆರಿಗೊ ವೆಸ್ಪುಚ್ಚಿ ಎದುರಾದ. ಪೂರ್ವದೇಶಗಳ ಸುದ್ದಿಯನ್ನು ಗಾಸ್ಪರನ ಬಾಯಿಂದ ಕೇಳಿ, ನಂಬಬಹುದಾದ ಮನುಷ್ಯ ಎಂದು ಪತ್ರದಲ್ಲಿ ಬರೆದ.

1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಅಂಜದೀವದಲ್ಲಿ ಕೋಟೆ ಕಟ್ಟಿಸಿದಾಗ ಗಾಸ್ಪರನೂ ಆ ನೌಕಾಪಡೆಯಲ್ಲಿದ್ದ. ಮರುವರ್ಷವೇ ಪೋರ್ಚುಗೀಸರು ಅದನ್ನು ತಾವಾಗಿಯೇ ಕೆಡವಿ ಹೋದರು.